ಕೌದಿ ತಿನ್ನುವ ಮರಿಗೆ ಬಾಯಿ ತುಂಬ ಕೆಲಸ

ಮುಧೋಳ ತಳಿಯ ಹೆಣ್ಣುಮರಿಯೊಂದು ನಮ್ಮ ಮನೆಗೆ ಬಂದಾಗ ಅದಕ್ಕೆ ಒಂಬತ್ತು ವಾರ ತುಂಬಿತ್ತು. ಧಾರವಾಡದಲ್ಲಿ ಆಗ ಡಿಸೆಂಬರಿನ ಚಳಿ. ಈ ತಳಿಯ ನಾಯಿಗಳು ಓಡುವುದಕ್ಕೆಂದೇ ಹುಟ್ಟಿದವು. ಮೈಯಲ್ಲಿ ಕೊಬ್ಬಿಲ್ಲ, ಕೂದಲು ಗಿಡ್ಡ, ತೊಗಲು ತೆಳುವು, ಮೊಣಕೈ ಎಲುಬು ಎದ್ದು ಕಾಣುತ್ತದೆ. ಬರಿ ನೆಲದ ಮೇಲೆ ಮಲಗಿಸಿದರೆ ಚಳಿಯಷ್ಟೇ ಅಲ್ಲ, ಎಲುಬು ಒತ್ತಿ ಮೊಣಕೈ ಜಡ್ಡುಗಟ್ಟುತ್ತದೆ. ಅವ್ವ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ತನ್ನ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಪಡಸಾಲೆಯ ಮೂಲೆಗೆ ಹಾಸಿದಳು. ನಾವು ಮಿಂಚಿ ಎಂದು ಹೆಸರಿಟ್ಟ ಮರಿ ಅದರ ಮೇಲೆ ಸುರುಳಿ ಸುತ್ತಿಕೊಂಡು ಮಲಗಿತು. ಸಂಕ್ರಾಂತಿಯ ಹೊತ್ತಿಗೆ ಕೌದಿಯ ಒಂದು ಮೂಲೆ ಇರಲಿಲ್ಲ.

ಹರಿದದ್ದಾದರೆ ಚೂರುಗಳು ಬಿದ್ದಿರಬೇಕಿತ್ತು. ಎಲ್ಲಿಯೂ ಇರಲಿಲ್ಲ. ಮರಿ ನುಂಗಿತ್ತು.

ಅವತ್ತು ಸಂಜೆ ನಾನು ಸುಮ್ಮನೆ ದೂರ ಕೂತು ನೋಡಿದೆ. ಕೌದಿಯ ಅಂಚನ್ನು ಎರಡೂ ಮುಂಗಾಲಿನ ನಡುವೆ ಒತ್ತಿ ಹಿಡಿದು, ಮುಂದಿನ ಪುಟ್ಟ ಹಲ್ಲುಗಳಿಂದ ಜೋಳದ ತೆನೆ ಬಿಡಿಸಿದ ಹಾಗೆ ಕುಟುಕುಟು ಕಡಿಯುತ್ತ ಹೋಯಿತು. ಎಲ್ಲೋ ಒಂದು ಕಡೆ ದಾರದ ಕುಣಿಕೆ ಹಲ್ಲಿಗೆ ಸಿಕ್ಕಿತು. ತಲೆಯನ್ನು ಹಿಂದಕ್ಕೆ ಎಳೆಯಿತು. ಹೊಲಿಗೆ ಸರಸರ ಬಿಚ್ಚಿಕೊಂಡಿತು. ಸಡಿಲಾದ ತುಂಡನ್ನು ದವಡೆಯ ಹಿಂಭಾಗಕ್ಕೆ ತಳ್ಳಿ, ತಲೆ ವಾರೆ ಮಾಡಿ, ಕತ್ತರಿಯಂತೆ ನಾಲ್ಕು ಸಲ ಕಚ್ಚಿ, ಗುಟುಕ್. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ಧಿ ಹೆಣ್ಣುಮಕ್ಕಳು ಕೌದಿ ಹೊಲಿಯುವಾಗ ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಮ್ಮ ಮರಿಯೂ ಅದೇ ದಾರಿಯಲ್ಲಿ ಬಿಚ್ಚುತ್ತ ನಡೆದಿತ್ತು.

ಎರಡು ದಿನಕ್ಕೆ ಬೆಳಗಿನ ಜಾವ ವಾಂತಿ ಮಾಡಿಕೊಂಡಿತು. ಅದರಲ್ಲಿ ಬೆರಳುದ್ದದ ಸೀರೆಯ ಚೂರು, ಅದಕ್ಕೆ ಅಂಟಿದ ಗೇಣುದ್ದ ದಾರ. ಪಶುವೈದ್ಯರು ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿದರು, ಒಳಗೆ ಬೇರೇನೂ ಉಳಿದಿಲ್ಲ ಅಂದರು. ನಮ್ಮ ಪುಣ್ಯ. ಆದರೆ ನಿಲ್ಲಿಸುವುದು ಹೇಗೆ? ಅದನ್ನು ಕಲಿಸಿದವರು ನಮ್ಮ ಓಣಿಯ ಕಾಕಾ. ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾದವರು. ಅವರ ಅಂಗಳದಲ್ಲಿ ಎಷ್ಟು ಮರಿಗಳು ಬೆಳೆದು ಹೋದವೋ ಲೆಕ್ಕ ಇಟ್ಟವರಿಲ್ಲ. ಅವರ ಕೈಯಲ್ಲಿರುವ ವಿದ್ಯೆಯನ್ನು ಹತ್ತಿರದಿಂದ ಕಂಡ ಮೇಲೆ ಅದನ್ನು ಬರೆದಿಡಬೇಕು ಅನಿಸಿತು.

ಅವರು ಬಂದಾಗ ನಾನು ಮರಿಗೆ ಬೈಯುತ್ತಿದ್ದೆ. "ಬೈದ್ರ ತಿಳೀತದೇನು ತಮ್ಮಾ ಅದಕ್ಕ? ಬಾಯಾಗ ಬೆಂಕಿ ಬಿದ್ದದ. ಮೊದ್ಲ ಹಾಸಿಗಿ ತಗಿ. ಆಮ್ಯಾಲ ಬಾಯಿಗೆ ಕೆಲಸ ಕೊಡು" ಅಂದರು. ಮುಂದಿನ ಮೂರು ತಿಂಗಳು ನಾವು ಮಾಡಿದ್ದೆಲ್ಲ ಈ ಎರಡು ಮಾತಿನ ವಿಸ್ತಾರ.

ನೆಲದ ಮೇಲೆ ಕೂತು, ಮರಿಯನ್ನು ತೊಡೆಯ ನಡುವೆ ಬೆನ್ನು ಮಾಡಿ ಕೂರಿಸಿಕೊಂಡು, ಹೆಬ್ಬೆರಳಿನಿಂದ ಮೇಲ್ದುಟಿ ಎತ್ತಿ ತೋರಿಸಿದರು. ವಸಡು ಕೆಂಪಗೆ ಊದಿತ್ತು. ಮುಂದಿನ ಹಾಲುಹಲ್ಲುಗಳಲ್ಲಿ ನಾಲ್ಕು ಉದುರಿದ್ದವು. ಉಳಿದವು ಅಕ್ಕಿನುಚ್ಚಿನ ಗಾತ್ರ. ಉದುರಿದ ಜಾಗದಲ್ಲಿ ಹೊಸ ಹಲ್ಲಿನ ತುದಿ ಇಣುಕಿತ್ತು. ಅಗಲವಾಗಿ, ಮೂರು ಎಸಳಿನ ಮೊಗ್ಗಿನಂತೆ. ನಾಯಿಯ ಮುಂಬಾಯಿಯ ಹೊಸ ಹಲ್ಲು ಹೀಗೆ ಎಸಳೆಸಳಾಗಿಯೇ ಹುಟ್ಟುತ್ತದೆ, ವರ್ಷಗಳು ಕಳೆದಂತೆ ಸವೆದು ಸಪಾಟಾಗುತ್ತದೆ. ಕೌದಿಯ ಮಡಿಕೆಯಲ್ಲಿ ಕಂದು ಚುಕ್ಕೆಗಳಿದ್ದವು. ನಾನು ಕೊಳೆ ಅಂದುಕೊಂಡದ್ದು ವಸಡಿನ ರಕ್ತವಾಗಿತ್ತು.

ಲೆಕ್ಕ ನೋಡಿದರೆ ಮರಿಯ ಸಂಕಟ ಅರ್ಥವಾಗುತ್ತದೆ. ನಾಯಿಮರಿ ಬೊಚ್ಚುಬಾಯಲ್ಲಿ ಹುಟ್ಟುತ್ತದೆ. ಮೂರನೆಯ ವಾರದ ಸುಮಾರಿಗೆ ಹಾಲುಹಲ್ಲು ಶುರುವಾಗಿ ಎರಡು ತಿಂಗಳೊಳಗೆ 28 ತುಂಬುತ್ತವೆ. ಮೂರೂವರೆ, ನಾಲ್ಕು ತಿಂಗಳಿಗೆ ಅವು ಉದುರಲು ತೊಡಗುತ್ತವೆ. ಮೊದಲು ಮುಂದಿನವು, ಆಮೇಲೆ ಕೋರೆಯೂ ದವಡೆಯವೂ. ಆರೇಳು ತಿಂಗಳು ತುಂಬುವಷ್ಟರಲ್ಲಿ 42 ಹೊಸ ಹಲ್ಲು ಬಂದಿರುತ್ತವೆ. ನಮ್ಮ ಮಕ್ಕಳು 20 ಹಾಲುಹಲ್ಲು ಕಳೆದುಕೊಳ್ಳಲು ಆರು ವರ್ಷದಿಂದ ಹನ್ನೆರಡರವರೆಗೆ ಸಮಯ ತಗೊಳ್ಳುತ್ತಾರೆ. ಮರಿ ಅದಕ್ಕಿಂತ ಹೆಚ್ಚಿನ ಕೆಲಸವನ್ನು ಮೂರು ತಿಂಗಳಲ್ಲಿ ಮುಗಿಸುತ್ತದೆ. ಹೊಸ ಹಲ್ಲು ಕೆಳಗಿನಿಂದ ಒತ್ತಿದಂತೆ ಹಳೆಯದರ ಬೇರು ಕರಗುತ್ತದೆ. ಆ ಒತ್ತಡಕ್ಕೆ ಎದುರಾಗಿ ಏನನ್ನಾದರೂ ಕಚ್ಚಿದರೆ ವಸಡಿಗೆ ಹಿತ. ಮೆತ್ತಗಿದ್ದು ಎಳೆದರೆ ಬರುವಂಥದ್ದು, ತನ್ನದೇ ವಾಸನೆ ಇರುವಂಥದ್ದು, ಯಾವಾಗಲೂ ಬಾಯಿಗೆ ಹತ್ತಿರ ಇರುವಂಥದ್ದು ಮನೆಯಲ್ಲಿ ಯಾವುದು? ಹಾಸಿಗೆಯೇ.

ಉದುರಿದ ಹಲ್ಲನ್ನು ಮರಿ ನುಂಗಿದರೆ ಭಯವಿಲ್ಲ, ಬಹಳಷ್ಟು ಮರಿಗಳು ನುಂಗಿಯೇ ಬಿಡುತ್ತವೆ. ನಮಗೆ ಒಂದೇ ಒಂದು ಸಿಕ್ಕಿತು. ನಾವು ಚಿಕ್ಕವರಿದ್ದಾಗ ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆಗೆ ಎಸೆಯುತ್ತಿದ್ದಂತೆ ಅವ್ವ ಅದನ್ನೂ ಎಸೆದಳು.

ಭಯವಿರುವುದು ಬಟ್ಟೆಯಲ್ಲಿ. ಅದಕ್ಕಿಂತ ಹೆಚ್ಚಾಗಿ ದಾರದಲ್ಲಿ. ಬಟ್ಟೆಯ ಗಂಟು ಜಠರದ ಬಾಯಲ್ಲೋ ಕರುಳಲ್ಲೋ ಸಿಕ್ಕಿಬಿದ್ದರೆ ದಾರಿ ಕಟ್ಟುತ್ತದೆ. ದಾರದ ರೀತಿ ಬೇರೆ. ಅದರ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರದ ಹೊರಬಾಗಿಲಿಗೋ ಸಿಕ್ಕಿಕೊಂಡಿರುತ್ತದೆ, ಇನ್ನೊಂದು ತುದಿಯನ್ನು ಕರುಳು ತನ್ನ ಪಾಡಿಗೆ ಮುಂದಕ್ಕೆ ನೂಕುತ್ತಿರುತ್ತದೆ. ಚಡ್ಡಿಯ ಲಾಡಿ ಎಳೆದರೆ ಬಟ್ಟೆ ನೆರಿಗೆಗಟ್ಟುವುದಿಲ್ಲವೇ, ಹಾಗೆ ಕರುಳೇ ದಾರದ ಮೇಲೆ ನೆರಿಗೆಗಟ್ಟಿಕೊಳ್ಳುತ್ತದೆ. ಬಿಗಿದ ದಾರ ಕರುಳಿನ ಗೋಡೆಯನ್ನು ಗರಗಸದಂತೆ ಕೊಯ್ಯುತ್ತದೆ. ಅದಕ್ಕೇ ಕಾಕಾ ಮೊದಲ ದಿನವೇ ಬೆರಳು ತೋರಿಸಿ ಎಚ್ಚರಿಸಿದರು: "ಬಾಯಾಗರೆ, ಹಿಂದರೆ ದಾರ ಜೋತು ಬಿದ್ದದ್ದು ಕಂಡ್ರ ಜಗ್ಗಬ್ಯಾಡ. ಹಂಗ ಡಾಕ್ಟರ ಹತ್ರ ಓಡು." ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ರೂಢಿಯೂ ಬೇಡ. ಉಪ್ಪೇ ಮರಿಗೆ ವಿಷವಾಗಬಲ್ಲದು. ವಾಂತಿ ಮಾಡಿಸಬೇಕೋ ಬೇಡವೋ ಅನ್ನುವುದು ವೈದ್ಯರ ತೀರ್ಮಾನ, ಅದಕ್ಕಿರುವ ಸಮಯವೂ ನುಂಗಿದ ಮೇಲೆ ಒಂದೆರಡು ತಾಸು ಮಾತ್ರ. ಹೋಗುವಾಗ ನುಂಗಿದ ಬಟ್ಟೆಯ ಉಳಿದ ಚೂರನ್ನು ಜೊತೆಗೆ ಒಯ್ಯಬೇಕು. ಬಟ್ಟೆ ಎಕ್ಸ್‌ರೇಯಲ್ಲಿ ಎಲುಬಿನ ಹಾಗೆ ಎದ್ದು ಕಾಣುವುದಿಲ್ಲ. ಏನು, ಎಷ್ಟು ಎಂದು ಕೈಯಲ್ಲಿ ಹಿಡಿದು ತೋರಿಸಿದರೆ ಅವರಿಗೆ ಅರ್ಧ ಕೆಲಸ ಹಗುರ.

ಇನ್ನು ಹಾಸಿಗೆಯ ಕಥೆ. ತೆಗೆಯಬೇಕು ಸರಿ, ಆ ಚಳಿಯಲ್ಲಿ ಮುಧೋಳದ ಮರಿಯನ್ನು ಮಲಗಿಸುವುದು ಎಲ್ಲಿ? ಗೋಣಿಚೀಲ ಹಾಕೋಣವೆಂದರೆ ಅದು ಇನ್ನಷ್ಟು ನಾರು. ಸ್ಪಂಜಿನ ಗಾದಿಯನ್ನು ಅರ್ಧ ತಾಸಿನಲ್ಲಿ ಬಗೆದು ಹಾಕುತ್ತದೆ. ಕಾಕಾ ವೆಲ್ಡಿಂಗ್ ಅಂಗಡಿಗೆ ಹೋಗಿ ಮೂರು ಅಡಿ ಉದ್ದ, ಎರಡಡಿ ಅಗಲದ ಕಬ್ಬಿಣದ ಚೌಕಟ್ಟು ಮಾಡಿಸಿ ತಂದರು. ನೆಲದಿಂದ ನಾಲ್ಕು ಬೆರಳು ಎತ್ತರ, ಪುಟ್ಟ ಹೊರಸಿನಂತೆ. ಲಾರಿಗೆ ಹೊದಿಸುವ ದಪ್ಪ ತಾಡಪತ್ರಿಯನ್ನು ಅದಕ್ಕೆ ಬಿಗಿಯತೊಡಗಿದರು. ಅವರ ಕೈಚಳಕ ನಾನು ಕಂಡದ್ದು ಅಲ್ಲಿ.

ಅಂಚನ್ನು ಮೊದಲು ಎರಡು ಸುತ್ತು ಮಡಿಚಿದರು, ಕತ್ತರಿಸಿದ ಬಾಯಿ ಎಲ್ಲಿಯೂ ಹೊರಗೆ ಕಾಣದಂತೆ. ಪೈಪಿನ ಮೇಲಿಂದ ಎಳೆದು ಕೆಳಗೆ ತಂದು, ಅಂಚಿನ ಮೇಲೆ ತಗಡಿನ ಪಟ್ಟಿ ಇಟ್ಟು ಕೆಳಗಿನಿಂದ ಸ್ಕ್ರೂ ಬಿಗಿದರು. ಹಗ್ಗದಿಂದ ಹೆಣೆದರೆ ಸುಲಭವಲ್ಲವೇ ಅಂದೆ. ಹಗ್ಗವೂ ಮರಿಗೆ ದಾರವೇ ಅಂದರು. ಒಂದು ಬದಿ ಮುಗಿದ ಮೇಲೆ ಎದುರು ಬದಿ, ಆಮೇಲೆ ಉಳಿದೆರಡು. ಚರ್ಮವಾದ್ಯಕ್ಕೆ ಚರ್ಮ ಬಿಗಿಯುವವರೂ ಹೀಗೇ ಎದುರುಬದುರು ಎಳೆಯುತ್ತಾರೆ. ಮೂಲೆಗಳಿಗೆ ಅರ್ಧ ದಿನ ಹಿಡಿಯಿತು. ನಾಲ್ಕು ಸಲ ಬಿಚ್ಚಿ ಮತ್ತೆ ಮಡಿಚಿದರು. ಮರಿ ಮೊದಲು ಹುಡುಕುವುದೇ ಮೂಲೆಯನ್ನು. ಮುಗಿದ ಮೇಲೆ ಹೆಬ್ಬೆರಳು, ತೋರುಬೆರಳು ಸೇರಿಸಿ ಮೇಲ್ಮೈಯನ್ನು ಉದ್ದಕ್ಕೂ ಚಿವುಟುತ್ತ ಹೋದರು. "ನನಗ ಚೂಟಾಕ ಬಂದ್ರ ಅದಕ್ಕೂ ಬರ್ತದ" ಅಂದರು. ಎಡಮೂಲೆಯಲ್ಲಿ ಒಂದು ಕಡೆ ಚಿವುಟಲು ಬಂತು. ಮತ್ತೆ ಬಿಚ್ಚಿದರು.

ಮಡಿಕೆಯಿಲ್ಲದ ಬಿಗಿ ಬಟ್ಟೆಯ ಮೇಲೆ ಹಲ್ಲು ಜಾರುತ್ತದೆ. ಮಿಂಚಿ ಎರಡು ದಿನ ಪ್ರಯತ್ನಿಸಿತು, ನೆಕ್ಕಿತು, ಕೆರೆಯಿತು, ಬಿಟ್ಟಿತು. ಬಿಗಿದ ತಾಡಪತ್ರಿ ಮೈಭಾರಕ್ಕೆ ಸ್ವಲ್ಪ ತಗ್ಗುವುದರಿಂದ ಮೊಣಕೈಗೂ ನೋವಿಲ್ಲ. ಚಳಿಗೆ ಹೊರಸನ್ನು ಬಚ್ಚಲೊಲೆಯ ಆಚೆ ಬದಿಯ ಗೋಡೆಗೆ ಒತ್ತಿ ಇಟ್ಟೆವು, ಸಂಜೆ ನೀರು ಕಾಯಿಸಿದ ಬಿಸಿ ಆ ಗೋಡೆಯಲ್ಲಿ ನಡುರಾತ್ರಿಯವರೆಗೆ ಉಳಿಯುತ್ತದೆ. ಗಾಳಿ ಬರುವ ಬದಿಗೆ ಹಲಗೆ ನಿಲ್ಲಿಸಿದೆವು.

ಎರಡನೆಯ ಮಾತು, ಬಾಯಿಗೆ ಕೆಲಸ. ಇಲ್ಲಿ ಹಟ್ಟಿಯ ಅನುಭವವೂ ಹೊರದೇಶದ ತಜ್ಞರೂ ಒಂದೇ ಕಡೆ ಬಂದು ಸೇರುವುದು ನನಗೆ ಸಂತೋಷದ ವಿಷಯ. 1970ರ ದಶಕದಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಜೋ ಮಾರ್ಕ್‌ಹ್ಯಾಮ್ ಎಂಬುವರ ಬಳಿ ಫ್ರಿಟ್ಜ್ ಎಂಬ ಜರ್ಮನ್ ಶೆಫರ್ಡ್ ಇತ್ತು. ಕಲ್ಲು ಕಡಿದು ಕಡಿದು ಹಲ್ಲು ಸವೆಸಿಕೊಳ್ಳುತ್ತಿದ್ದ ನಾಯಿ. ಫೋಕ್ಸ್‌ವ್ಯಾಗನ್ ವ್ಯಾನ್ ರಿಪೇರಿ ಮಾಡುತ್ತಿದ್ದಾಗ ಬಿದ್ದಿದ್ದ ರಬ್ಬರಿನ ಬಿಡಿಭಾಗವೊಂದನ್ನು ಅದು ಬಾಯಿಗೆ ಹಾಕಿಕೊಂಡು ಕಲ್ಲನ್ನು ಮರೆತದ್ದು ನೋಡಿ ಅವರು ಕಾಂಗ್ ಎಂಬ ಟೊಳ್ಳು ರಬ್ಬರ್ ಆಟಿಕೆ ಮಾಡಿದರು. ಈಗ ಹುಬ್ಬಳ್ಳಿಯ ಅಂಗಡಿಗಳಲ್ಲೂ ಅಂಥವು ಸಿಗುತ್ತವೆ. ಪಶುವೈದ್ಯರೂ ನಾಯಿಗಳ ನಡವಳಿಕೆಯ ತಜ್ಞರೂ ಆದ ಇಯಾನ್ ಡನ್‌ಬಾರ್ 1980ರ ದಶಕದಿಂದ ಕ್ಯಾಲಿಫೋರ್ನಿಯಾದಲ್ಲಿ ಮರಿಗಳಿಗೆಂದೇ ತರಗತಿ ನಡೆಸಿದವರು. ಅವರ ಸಲಹೆ ಇನ್ನೂ ಒಂದು ಹೆಜ್ಜೆ ಮುಂದಿನದು: ಮೊದಲ ತಿಂಗಳುಗಳಲ್ಲಿ ಮರಿಯ ಊಟವನ್ನು ತಟ್ಟೆಗೆ ಹಾಕದೆ ಟೊಳ್ಳು ಆಟಿಕೆಯೊಳಗೆ ತುಂಬಿ ಕೊಡಿ. ಐದು ನಿಮಿಷದಲ್ಲಿ ಮುಗಿಯುವ ಊಟ ಮುಕ್ಕಾಲು ತಾಸಿನ ದುಡಿಮೆಯಾಗುತ್ತದೆ, ಕಡಿಯಬೇಕಾದದ್ದು ಯಾವುದೆಂಬುದೂ ಬಾಯಿಗೆ ತಾನೇ ರೂಢಿಯಾಗುತ್ತದೆ.

ಅವ್ವ ಅದಕ್ಕೆ ತನ್ನ ಅಡುಗೆ ಸೇರಿಸಿದಳು. ಜೋಳದ ರೊಟ್ಟಿಯನ್ನು ಮುಟಗಿಗೆ ಮುರಿದಂತೆ ಪುಡಿಮಾಡಿ, ಮೊಸರಿನಲ್ಲಿ ಕಲಸಿ, ರಬ್ಬರಿನ ಟೊಳ್ಳಿಗೆ ಒತ್ತಿ ತುಂಬಿ, ರಾತ್ರಿಯಿಡೀ ಫ್ರೀಜರಿನಲ್ಲಿ. ಮುಟಗಿಯ ಬೆಳ್ಳುಳ್ಳಿ, ಉಪ್ಪು, ಖಾರ ಯಾವುದೂ ಇಲ್ಲ. ಬೆಳ್ಳುಳ್ಳಿ, ಉಳ್ಳಾಗಡ್ಡಿ ನಾಯಿಗೆ ಆಗದವು. ತಣ್ಣಗಿನ ಆ ಉಂಡೆಯನ್ನು ಮಿಂಚಿ ಕಣ್ಣು ಅರ್ಧ ಮುಚ್ಚಿ ನೆಕ್ಕುತ್ತ, ಕಡಿಯುತ್ತ ಕೂರುವುದು ನೋಡಲು ಚಂದ. ದಪ್ಪನೆಯ ಇಡೀ ಗಜ್ಜರಿಯನ್ನೂ ಹಾಗೇ ತಣ್ಣಗಾಗಿಸಿ ಕೊಡುತ್ತಿದ್ದೆವು, ನಾವು ಎದುರು ಕೂತಾಗ ಮಾತ್ರ. ಬೆರಳಿನಷ್ಟು ಉಳಿದಾಗ ತೆಗೆದುಬಿಡಬೇಕು, ಆ ತುಂಡೇ ಗಂಟಲಿಗೆ ಸಿಕ್ಕೀತು. ಬಾಯಿಗೆ ಕೊಡುವ ಯಾವ ವಸ್ತುವಿಗೂ ಕಾಕಾ ಹೇಳಿದ ಎರಡು ಪರೀಕ್ಷೆ ಇದೆ. ಹಿಂದಿನ ದವಡೆಯೊಳಗೆ ಇಡಿಯಾಗಿ ಹೋಗದಷ್ಟು ದೊಡ್ಡದಿರಬೇಕು. ಉಗುರು ಒತ್ತಿದರೆ ಒಂದಿಷ್ಟು ತಗ್ಗಬೇಕು. ತಗ್ಗದಷ್ಟು ಗಟ್ಟಿ ಇದ್ದರೆ ಹಲ್ಲು ಮುರಿಯುತ್ತದೆ. ಬೇಯಿಸಿದ ಎಲುಬು ಸೀಳಿ ಚೂಪಾಗುತ್ತದೆ, ಅದು ಬೇಡವೇ ಬೇಡ. ಹಳೆಯ ಚಪ್ಪಲಿ, ಹಳೆಯ ಕಾಲುಚೀಲ ಕೊಡುವವರಿದ್ದಾರೆ. ಹಳೆಯದು, ಹೊಸದು ಎಂಬ ಭೇದ ಮರಿಗೆ ಎಲ್ಲಿಂದ ಬರಬೇಕು?

ಹಾಸಿಗೆಗೆ ಕಹಿ ಬಳಿಯುವುದನ್ನೂ ಜನ ಹೇಳುತ್ತಾರೆ. ಅಂಗಡಿಯ ಕಹಿ ಸ್ಪ್ರೇ ಕೆಲವು ಮರಿಗಳಿಗೆ ನಾಟುತ್ತದೆ, ಕೆಲವು ಅದನ್ನೂ ನೆಕ್ಕುತ್ತವೆ. ಖಾರಪುಡಿ ಮಾತ್ರ ಹಚ್ಚಬಾರದು. ಹುಣ್ಣಾದ ವಸಡಿಗೆ ಖಾರ ಹಾಕುವುದು ಹಿಂಸೆ.

ಮೂರು ದಿನ ವಹಿಯಲ್ಲಿ ಬರೆದಿಡು ಅಂದಿದ್ದರು ಕಾಕಾ: ಯಾವ ಹೊತ್ತಿಗೆ ಹಾಸಿಗೆಗೆ ಬಾಯಿ ಹಾಕಿತು, ಅದಕ್ಕೆ ಮುಂಚೆ ಏನು ಮಾಡುತ್ತಿತ್ತು. ಬರೆದಾಗ ಕಂಡಿತು, ಹೆಚ್ಚಿನದು ಸಂಜೆ ಏಳರಿಂದ ಎಂಟೂವರೆ. ಮನೆಯಲ್ಲಿ ಎಲ್ಲರೂ ಸೇರುವ, ಗದ್ದಲದ ಹೊತ್ತು. ಆ ವಯಸ್ಸಿನ ಮರಿ ದಿನಕ್ಕೆ 18 ತಾಸಿನಷ್ಟು ನಿದ್ದೆ ಮಾಡಬೇಕು. ನಮ್ಮದು ಬಂದವರ ಕೈಯಿಂದ ಕೈಗೆ ಹೋಗಿ ನಿದ್ದೆಗೆಟ್ಟಿರುತ್ತಿತ್ತು. ನಿದ್ದೆಗೆಟ್ಟ ಕೂಸು ರಚ್ಚೆ ಹಿಡಿಯುತ್ತದೆ, ನಿದ್ದೆಗೆಟ್ಟ ಮರಿ ಕಚ್ಚುತ್ತದೆ. ಆರೂವರೆಗೆ ಅಂಗಳದಲ್ಲಿ ಆಡಿಸಿ, ಉಚ್ಚೆ ಮಾಡಿಸಿ, ತುಂಬಿದ ಆಟಿಕೆ ಕೊಟ್ಟು, ಹೊರಸಿನ ಮೇಲೆ ಬಿಟ್ಟು ಒಳಬಾಗಿಲು ಮುಂದೆ ಮಾಡುವ ಪದ್ಧತಿ ಶುರುವಾಯಿತು. ಒಂದು ವಾರದಲ್ಲಿ ಅರ್ಧ ಕಾಟ ಹೋಯಿತು.

ಎಲ್ಲಕ್ಕಿಂತ ಕಷ್ಟಪಟ್ಟು ಕಲಿತದ್ದು ಅದಲುಬದಲು. ಮರಿಯ ಬಾಯಲ್ಲಿ ಬಟ್ಟೆ ಕಂಡ ಕೂಡಲೇ ಓಡಿಹೋಗಿ ಬೆರಳು ತುರುಕುವುದು ನಮ್ಮೆಲ್ಲರ ಸ್ವಭಾವ. ನಾನೂ ಮಾಡಿದ್ದೆ. ಅದರಿಂದ ಮರಿ ಏನು ಕಲಿಯಿತು? ಮನುಷ್ಯ ಹತ್ತಿರ ಬಂದರೆ ಸಿಕ್ಕಿದ್ದು ಹೋಗುತ್ತದೆ, ಬೇಗ ನುಂಗಬೇಕು. ಬಗೆದು ಬಿಸಾಡುತ್ತಿದ್ದ ಮರಿಯನ್ನು ನುಂಗುವ ಮರಿ ಮಾಡಿದ್ದು ನನ್ನ ಗಡಿಬಿಡಿ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ಕಾಕಾ ತೋರಿಸಿದ ಬಗೆ ಹೀಗೆ. ಮರಿಯ ಬಾಯಲ್ಲಿ ಅದರದೇ ಆಟಿಕೆ ಇದೆ. ಅವರು ಎದುರಿಗೆ ಬರುವುದಿಲ್ಲ, ಪಕ್ಕದಿಂದ ನಿಧಾನ ಬಂದು ಕುಕ್ಕರಗಾಲಿನಲ್ಲಿ ಕೂರುತ್ತಾರೆ. "ಬಿಡವಾ" ಅನ್ನುತ್ತಾರೆ, ಒಂದೇ ಸಲ, ಮೆತ್ತಗೆ. ಬೇಯಿಸಿದ ಮೊಟ್ಟೆಯ ಐದಾರು ಚೂರುಗಳನ್ನು ಮೂತಿಯ ಪಕ್ಕ ನೆಲದ ಮೇಲೆ ಉದುರಿಸುತ್ತಾರೆ. ಮರಿ ಆಟಿಕೆ ಬಿಟ್ಟು ಚೂರು ಹೆಕ್ಕುತ್ತದೆ. ಅದು ಹೆಕ್ಕುತ್ತಿರುವಾಗ ಅವರ ಇನ್ನೊಂದು ಕೈ ಆಟಿಕೆಯನ್ನು ಎತ್ತುತ್ತದೆ, ತಿರುಗಿಸಿ ನೋಡುತ್ತದೆ, ಮತ್ತೆ ಮರಿಗೇ ಕೊಡುತ್ತದೆ. ಮರಳಿ ಕೊಡುವುದೇ ಇದರ ಜೀವಾಳ. ದಿನಕ್ಕೆ ಹತ್ತು ಸಲ, ಅಪಾಯವಿಲ್ಲದ ವಸ್ತುವಿನೊಂದಿಗೆ. ಬಿಟ್ಟರೆ ನಷ್ಟವಿಲ್ಲ ಎಂಬ ನಂಬಿಕೆ ಹುಟ್ಟಿದ ಮೇಲೆ, ಒಂದು ದಿನ ನಿಜವಾಗಿಯೂ ಬಟ್ಟೆ ಸಿಕ್ಕಾಗ, ಆ ಒಂದು ಮಾತಿಗೆ ಬಾಯಿ ತೆರೆಯುತ್ತದೆ. ಮಿಂಚಿ ಹನ್ನೆರಡನೆಯ ದಿನ ಅವ್ವನ ಸೆರಗಿನ ತುದಿಯನ್ನು ಹೀಗೆ ಬಿಟ್ಟುಕೊಟ್ಟಿತು. ಅವ್ವ ಕಣ್ಣಲ್ಲಿ ನೀರು ತಂದುಕೊಂಡಳು.

ಎಲ್ಲ ಮರಿಗಳದೂ ಹಲ್ಲಿನ ಸಂಕಟವೇ ಇರಬೇಕೆಂದಿಲ್ಲ. ಜಂತುಹುಳ, ರಕ್ತಹೀನತೆ, ಹೊಟ್ಟೆಯ ತೊಂದರೆ ಇರುವ ಮರಿಗಳೂ ಮಣ್ಣು, ಬಟ್ಟೆ ತಿನ್ನುತ್ತವೆ. ಆರು ತಿಂಗಳವರೆಗೆ ಜಂತಿನ ಔಷಧವನ್ನು ವೈದ್ಯರು ಹೇಳಿದಂತೆ ತಪ್ಪದೆ ಕೊಡಿ. ತಾಯಿಯಿಂದ ಬೇಗ ಬಿಡಿಸಿದ ಮರಿಗಳಲ್ಲಿ ಬಟ್ಟೆ ಚೀಪುವ ಚಟ ಉಳಿಯುವುದುಂಟು. ನಮ್ಮ ದೇಶದ 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಡಾಬರ್‌ಮನ್ ತಳಿಯಲ್ಲಿ ಕಂಬಳಿ ಚೀಪುವುದು ವಂಶದಲ್ಲೇ ಬರುವ ಗೀಳು ಎಂಬುದಕ್ಕೆ 2010ರಲ್ಲಿ ವಂಶವಾಹಿಯ ಸುಳಿವು ಸಿಕ್ಕಿದೆ. ಎಂಟು ತಿಂಗಳು ಕಳೆದು, ಹಲ್ಲೆಲ್ಲ ಬಂದ ಮೇಲೂ ಬಟ್ಟೆ ನುಂಗುತ್ತಿದ್ದರೆ ಅದನ್ನು ತುಂಟತನ ಎನ್ನದೆ ವೈದ್ಯರಿಗೆ ತೋರಿಸಬೇಕು. ಹಾಲುಕೋರೆ ಉದುರದೆ ಹೊಸ ಕೋರೆಯ ಪಕ್ಕದಲ್ಲೇ ನಿಂತಿದ್ದರೂ ತೋರಿಸಬೇಕು, ಅದನ್ನು ಕೀಳಬೇಕಾಗುತ್ತದೆ.

ಕೌದಿ ಮರಳಿ ಬಂದದ್ದು ಬಹಳ ನಿಧಾನವಾಗಿ. ಏಳು ತಿಂಗಳು ತುಂಬಿದ ಮೇಲೆ ಮೊದಲು ಅಂಗೈ ಅಗಲದ ಉಣ್ಣೆಯಂಥ ಫ್ಲೀಸ್ ಬಟ್ಟೆ. ಅದನ್ನು ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ. ಹೊಟ್ಟೆ ತುಂಬಿ, ಆಡಿ ದಣಿದು, ಕಣ್ಣು ಎಳೆಯುತ್ತಿರುವ ಹೊತ್ತಿಗೆ, ನಾನು ಪಕ್ಕದಲ್ಲಿ ಕೂತು, ಹತ್ತು ನಿಮಿಷ. ಮರುದಿನ ಹದಿನೈದು. ಬಾಯಿ ಹಾಕಿದ ದಿನ ಬೈಯದೆ ಎತ್ತಿಟ್ಟು, ಮೂರು ದಿನ ಬಿಟ್ಟು ಮತ್ತೆ. ಅಂಗೈ ಅಗಲದ್ದು ಮೊಳದಗಲವಾಗಿ, ಹೊರಸಿನಷ್ಟಾಗಲು ಎರಡು ತಿಂಗಳು ಹಿಡಿಯಿತು.

ಹೋದ ಮೂಲೆಯನ್ನು ಅವ್ವ ಹಸಿರು ಇಳಕಲ್ ಸೀರೆಯ ತುಂಡು ಹಾಕಿ ಹೊಲಿದಳು. ಮಿಂಚಿಗೆ ಈಗ ಹದಿನಾಲ್ಕು ತಿಂಗಳು, ಬಾಯಲ್ಲಿ 42 ಹಲ್ಲು. ಅದೇ ಕೌದಿಯ ಮೇಲೆ ಮಲಗುತ್ತದೆ. ಪ್ರತಿ ಸೋಮವಾರ ಅವ್ವ ಅದನ್ನು ಬಿಸಿಲಿಗೆ ಹರವಿ ನಾಲ್ಕೂ ಅಂಚಿಗೆ ಬೆರಳಾಡಿಸುತ್ತಾಳೆ. ಸಡಿಲ ದಾರ ಸಿಕ್ಕರೆ ಬುಡಕ್ಕೆ ಕತ್ತರಿಸಿ, ಒಲೆಗೆ ಹಾಕಿ, ಅಲ್ಲೇ ಹೊಸ ಹೊಲಿಗೆ ಹಾಕುತ್ತಾಳೆ.